ಇನ್ನೊಂದು ತಿಂಗಳು

ಕಾಶಿಯ ಬಂಗಾಲಿ ಟೋಲಾದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಕನ್ನಡದ ಪುರೋಹಿತರಿಗೆ ಯುದ್ಧದ ಮಾತೆಂದರೆ ಪ್ರಾಣ. ನಮ್ಮ ಸೇನೆ ಶ್ರೀಲಂಕೆಯಿಂದ ವಾಪಸಾದ ಮೇಲಂತೂ ದಿನಾ ಸಂಜೆ ಚಹಾದಂಗಡಿಯ ಬೆಂಚಿನ ಮೇಲೆ ಮಣ್ಣಿನ ಕುಲ್ಹಡ್‌ಗಳನ್ನು ಪಡೆಗಳಂತೆ ಜೋಡಿಸಿ, "ಇನ್ನೊಂದು ತಿಂಗಳು ನಿಂತಿದ್ರೆ ಗೆದ್ದೇಬಿಡ್ತಿದ್ವಿ" ಎನ್ನುತ್ತಿದ್ದರು. ನಾವು ತಲೆಯಾಡಿಸುತ್ತಿದ್ದೆವು.

ಒಮ್ಮೆ ಧಾರವಾಡದ ಕಡೆಯ ಮುದುಕರೊಬ್ಬರು ಮಗನಿಗೆ ಪಿಂಡ ಹಾಕಿಸಲು ಬಂದರು. ಘಾಟಿನಲ್ಲಿ ನಾನೂ ಇದ್ದೆ.

"ಮಗ ತೀರಿಕೊಂಡದ್ದೆಲ್ಲಿ?" ಎಂದು ಪುರೋಹಿತರು ಕೇಳಿದರು.

"ಲಂಕಾದಾಗ್ರೀ."

ಇವರಿಗೆ ನೆನಪಾದದ್ದು ನಮ್ಮ ಕಾಶಿಯ ಲಂಕಾ ಪೇಟೆ. "ಓ, ಇಲ್ಲೇ ಆಸ್ಪತ್ರೇಲಾ?"

"ಅಲ್ಲರಿ, ಯುದ್ಧದಾಗ. ಒಂದ್ ತಿಂಗಳ ಮೊದ್ಲ ವಾಪಸ್ ಕರಸಿದ್ರ ಉಳೀತಿದ್ದ."

ಪುರೋಹಿತರು ಮಂತ್ರ ಮುಂದುವರಿಸಿದರು.

ಸಂಜೆ ಮತ್ತೆ ಕುಲ್ಹಡ್ ಜೋಡಿಸಿದರು. ಬೆರಳಿಗೆ ಇನ್ನೂ ಎಳ್ಳು ಅಂಟಿತ್ತು. "ಇನ್ನೊಂದು ತಿಂಗಳು ನಿಂತಿದ್ರೆ..." ಎಂದರು.

ನಾನೂ ತಲೆಯಾಡಿಸಿದೆ.