ಅಡ್ಡ ಮಲಗಿಸಿದ ಸಿಲಿಂಡರ್

ಸದಲಗಾ ಹತ್ತಿರದ ನಮ್ಮ ಶಾಲೆಯ ವಿಜ್ಞಾನದ ಮಾಸ್ತರರ ಎದುರು ಸಿಲಿಂಡರಿನಲ್ಲಿ ಗ್ಯಾಸ್ ಇದೆ ಎಂದರೆ ಸಾಕು, ಅವರು ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದರು. "ಆವಿ ಅನ್ರಿ! ಬರೇ ಒತ್ತಿದರ ದ್ರವ ಆಗೂದು ಆವಿ. ಗಾಳಿ ಎಷ್ಟ ಒತ್ತಿದರೂ ಆಗಂಗಿಲ್ಲ, ಅದು ಗ್ಯಾಸ್!"

ಒಂದು ದಿನ ಬಿಸಿಯೂಟದ ಅಕ್ಕ ಮುಗಿಯುತ್ತ ಬಂದ ಸಿಲಿಂಡರನ್ನು ಅಡ್ಡ ಮಲಗಿಸಿ ಅನ್ನಕ್ಕಿಟ್ಟಿದ್ದಳು. ಮಾಸ್ತರರು ಓಡಿಬಂದು ಒಲೆ ಆರಿಸಿದರು. "ಆವಿ ಬಿಟ್ಟು ದ್ರವಾನ ಪೈಪಿಗೆ ಬಂದರ ಸುಟ್ಟ ಹೋಗ್ತೀರಿ, ಅಕ್ಕಾರ!"

"ಹೊಸಾದು ತರಸ್ರಿ ಅಂತ ಹೆಡ್‌ಮಾಸ್ತರಿಗೆ ಮೂರ ಸಲ ಹೇಳೇನ್ರಿ. ಮಲಗಿಸಿ ನಡಸು ಅಂದ್ರು."

ಮಾಸ್ತರರು ರೆಗ್ಯುಲೇಟರ್ ಬಿಚ್ಚಿದರು. ಸಿಲಿಂಡರನ್ನು ಹೆಗಲಿಗೇರಿಸಿಕೊಂಡು ಹೋಗಿ ಹೆಡ್‌ಮಾಸ್ತರರ ಮೇಜಿನ ಮೇಲೆ, ಅವರ ಚಹಾದ ಪಕ್ಕದಲ್ಲೇ ಅಡ್ಡ ಮಲಗಿಸಿದರು. ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು ಮುಂದಿಟ್ಟರು.

"ಹಚ್ರಿ ಸರ. ಈಗ ನೀವ ಹಚ್ರಿ."