ಚುಕ್ಕಿಯಿಲ್ಲದ ‘ಬತ್ತೆ’

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ಆಗ ನಿಮ್ಮದು ಊಟ ಆಗಿತ್ತಾ?” ಹಸಿದ ಹೊಟ್ಟೆಗೆ, ನಿದ್ದೆಗೆಟ್ಟ ಕಣ್ಣಿಗೆ ಏನೇನೋ ಕಾಣುತ್ತದೆ ಎಂಬುದು ನನ್ನ ವಾದ. ಹೀಗೆ ಕೇಳಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಈಗ ನನ್ನ ಸರದಿ ಬಂದಿದೆ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ, ಆ ಭಾನುವಾರ ನನ್ನ ಊಟ ಆಗಿತ್ತು. ಕತ್ತಲೆಯೂ ಇರಲಿಲ್ಲ, ಸಂಜೆ ನಾಲ್ಕೂವರೆಯ ಬಿಸಿಲಿತ್ತು.

ಬಿ.ಸಿ. ರೋಡಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಬಿಲ್ ಪುಸ್ತಕ, ಫ್ಲೆಕ್ಸ್ ಇದೇ ಕೆಲಸ. ಆದರೆ ಕೆಲವು ವರ್ಷಗಳಿಂದ ನನ್ನ ಮನಸ್ಸೆಲ್ಲ ಇರುವುದು ನಮ್ಮ ಕಡೆಯವರು ತಾವೇ ಬರೆದು, ತಾವೇ ರಾಗ ಹಾಕಿ ಹಾಡುವ ತುಳು ಹಾಡುಗಳಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತ ಇಂಥ ಮೂರು ನಾಲ್ಕು ತಂಡಗಳಿವೆ. ಸಿನಿಮಾ ಹಾಡು ಹಾಡುವುದಿಲ್ಲ, ಆದ್ದರಿಂದ ಮದುವೆಗೆ ಇವರನ್ನು ಕರೆಯುವವರಿಲ್ಲ. ಹೋಟೆಲಿನ ಮಹಡಿ, ಮಿಜಾರಿನ ಕಾಲೇಜು ಮೈದಾನದ ಮೂಲೆ, ಮುಹೂರ್ತವಿಲ್ಲದ ದಿನ ಮದುವೆ ಹಾಲಿನ ಊಟದ ಕೋಣೆ, ಎಲ್ಲಿ ಪ್ಲಗ್ ಪಾಯಿಂಟ್ ಸಿಕ್ಕಿತೋ ಅಲ್ಲಿ ಗಿಗ್, ಅಂದರೆ ಹಾಡಿನ ಕಾರ್ಯಕ್ರಮ. ನಲವತ್ತು ಜನ ಸೇರಿದರೆ ಜಾತ್ರೆ ಎಂದುಕೊಳ್ಳುತ್ತಿದ್ದೆವು. ಆ ನಲವತ್ತರಲ್ಲಿ ಮುಂದಿನ ಸಾಲಿನ ಎಡಗಡೆಯ ಕುರ್ಚಿ ನನ್ನದು. ಒಂದು ಗಿಗ್ಗನ್ನೂ ತಪ್ಪಿಸಿದವನಲ್ಲ.

ಇವುಗಳಲ್ಲಿ ಒಂದು ತಂಡ ನನ್ನದೇ ಎನ್ನುವಷ್ಟು ಹತ್ತಿರ. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಹಾಡುವವನು ಅಜಿತ್, ಅಳದಂಗಡಿ ಕಡೆಯ ಜೈನರ ಮನೆಯವನು. ಬೆಳಿಗ್ಗೆ ಬಸದಿಯ ಕೆಲಸದಲ್ಲಿ ತಂದೆಗೆ ನೆರವಾಗಿ, ಆಮೇಲೆ ಗಿಟಾರು ಹಿಡಿಯುತ್ತಾನೆ. ತಾಳಕ್ಕೆ ನೌಶಾದ್. ಬಂಟ್ವಾಳ ಪೇಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಅವನು, ಒಂದು ಮರದ ಪೆಟ್ಟಿಗೆಯ ಮೇಲೆ ಕೂತು ಅದನ್ನೇ ಬಾರಿಸುತ್ತಾನೆ. ಇವರಿಬ್ಬರೂ ನನಗೆ ಹತ್ತು ವರ್ಷದ ಸ್ನೇಹಿತರು.

ನನಗೊಂದು ಹಕ್ಕಿತ್ತು. ಅಜಿತ್ ಹೊಸ ಹಾಡು ಕಟ್ಟಿದರೆ ಮೊದಲು ಹಾಡಿ ತೋರಿಸುವುದು ನನಗೆ. ನನ್ನ ಅಂಗಡಿಗೆ ಬಂದು, ಶಟರ್ ಅರ್ಧ ಎಳೆದು, ಕಾಗದದ ಕಟ್ಟಿನ ಮೇಲೆ ಕೂತು ಹಾಡುತ್ತಿದ್ದ. ಆಮೇಲೆ ನಾನು ಸಾಹಿತ್ಯ ಟೈಪ್ ಮಾಡುತ್ತಿದ್ದೆ. ಇಲ್ಲೊಂದು ಸಣ್ಣ ತೊಡಕು ಹೇಳಬೇಕು, ಮುಂದಿನದಕ್ಕೆಲ್ಲ ಅದೇ ಮೂಲ. ತುಳುವಿನಲ್ಲಿ ‘ಬತ್ತೆ’ ಎಂದರೆ ‘ನಾನು ಬಂದೆ’. ‘ಬತ್ತೆ’ ಎಂದರೆ ‘ಅವನು ಬಂದ’ ಎಂದೂ ಆಗುತ್ತದೆ. ಕೊನೆಯ ಎಕಾರವನ್ನು ಬಾಯಿ ಅಗಲಿಸಿ ಹೇಳಿದರೆ ನಾನು, ಅಗಲಿಸದಿದ್ದರೆ ಅವನು. ಕಿವಿಗೆ ಎರಡೂ ಬೇರೆ ಬೇರೆ, ಆದರೆ ಕನ್ನಡ ಅಕ್ಷರದಲ್ಲಿ ಬರೆದರೆ ಎರಡೂ ಒಂದೇ. ಅದಕ್ಕೆ ನಾನೂ ಅಜಿತನೂ ಒಂದು ಉಪಾಯ ಮಾಡಿಕೊಂಡಿದ್ದೆವು. ‘ನಾನು’ ಆದರೆ ಕೊನೆಯ ಅಕ್ಷರದ ತಲೆಯ ಮೇಲೊಂದು ಚುಕ್ಕಿ, ‘ಅವನು’ ಆದರೆ ಚುಕ್ಕಿ ಇಲ್ಲ. ಇದು ನಮ್ಮಿಬ್ಬರ ಲಿಪಿ.

ಪ್ರತಿ ಗಿಗ್ಗಿನಲ್ಲೂ ಬಾಗಿಲ ಬಳಿ ಒಂದು ಉದ್ದ ಪುಸ್ತಕ ಇಡುತ್ತಿದ್ದರು. ಬಂದವರು ಹೆಸರು, ಊರು, ಮನಸ್ಸಿಗೆ ತೋಚಿದ ಒಂದು ಮಾತು ಬರೆಯಬೇಕು. ಪುಸ್ತಕ ನನ್ನ ಅಂಗಡಿಯದ್ದೇ. ನಾನು ಹೆಸರು ಬರೆಯುತ್ತಿರಲಿಲ್ಲ. ‘ಬತ್ತೆ’ ಎಂದು ಬರೆದು, ಚುಕ್ಕಿ ಇಟ್ಟು, ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ.

ಆಗ ಬಂದರು ಡಾಕ್ಟರ್ ಶ್ರುತಿ. ಮೂಡುಬಿದಿರೆಯಲ್ಲಿ ಹಲ್ಲಿನ ಡಾಕ್ಟರು. ಒಳ್ಳೆಯ ಕ್ಯಾಮರಾ, ಒಳ್ಳೆಯ ಮೈಕು, ಅದಕ್ಕಿಂತ ಒಳ್ಳೆಯ ಮಾತು. ಅವರು ಹಾಕಿದ ವಿಡಿಯೋಗಳಿಂದ ನಲವತ್ತು ಜನ ಇದ್ದಲ್ಲಿ ನೂರೈವತ್ತು ಜನ ಆದರು. ಸಂತೋಷಪಡಬೇಕಿತ್ತು. ನನಗೆ ಹೊಟ್ಟೆ ಉರಿಯಿತು. ‘ಇವರಿಗೆ ಕೀಳಲು ಊರಿನಲ್ಲಿ ಹಲ್ಲು ಇಲ್ಲವೇ’ ಎಂದು ನೌಶಾದನ ಹತ್ತಿರ ತಮಾಷೆ ಮಾಡಿದೆ. ಅವನು ನಗಲಿಲ್ಲ. ನನ್ನ ಎಡಗಡೆಯ ಕುರ್ಚಿಯ ಜಾಗಕ್ಕೆ ಅವರ ಕ್ಯಾಮರಾದ ಮೂರು ಕಾಲಿನ ಸ್ಟ್ಯಾಂಡ್ ಬಂತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರಲ್ಲ, ಒಂದು ದಿನ ನೋಡುತ್ತೇನೆ, ಫೋನಿನಲ್ಲಿ ಹೊಸ ಹಾಡು! ನಾನು ಕೇಳಿಯೇ ಇಲ್ಲದ್ದು. ಅಜಿತ್ ಅವರ ಕ್ಲಿನಿಕ್ಕಿನಲ್ಲಿ, ಹಲ್ಲು ಕೀಳುವ ಆ ಕುರ್ಚಿಯಲ್ಲಿ ಒರಗಿ ಕೂತು ಹಾಡುತ್ತಿದ್ದಾನೆ. ‘ಮೊದಲ ಸಲ ಕೇಳಿದ್ದು ನಾವು’ ಎಂದು ಕೆಳಗೆ ಬರೆದಿದ್ದರು.

ಆ ಕ್ಷಣವೇ ಅಜಿತನಿಗೆ ಫೋನು ಮಾಡಿದೆ. ಏನು ಹೇಳಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿದ್ದೇನೆ.

“ನನ್ನ ಫ್ಲೆಕ್ಸ್ ಇಲ್ಲದಿದ್ರೆ ನಿನ್ನನ್ನು ಯಾರು ಕೇಳ್ತಿದ್ರು? ನಿನ್ನ ಸ್ವರ ಎಷ್ಟರದ್ದು ಅಂತ ನನಗೆ ಗೊತ್ತುಂಟು.”

ಅವನು ಫೋನು ಇಟ್ಟ. ಮೂರು ವಾರ ಮಾತಿಲ್ಲ. ಕ್ಷಮೆ ಕೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಅಂದುಕೊಂಡಾಗಲೆಲ್ಲ ಹಲ್ಲು ಕೀಳುವ ಆ ಕುರ್ಚಿ ಕಣ್ಣೆದುರು ಬಂದು, ಕೈಗೆತ್ತಿಕೊಂಡ ಫೋನನ್ನು ಮತ್ತೆ ಕೆಳಗಿಡುತ್ತಿದ್ದೆ.

ಮುಂದಿನ ಗಿಗ್ ಕೊಕ್ಕಡದಲ್ಲಿ, ಒಂದು ರಬ್ಬರ್ ಶೀಟಿನ ಗೋದಾಮಿನಲ್ಲಿ, ಭಾನುವಾರ ಸಂಜೆ ನಾಲ್ಕಕ್ಕೆ. ನೀಲಿ ಗೆರೆಯ ಅಂಗಿ ಹಾಕಿ ಬೈಕು ಹತ್ತಿದೆ. ದಾರಿಯಲ್ಲಿ ಸಿಗುವ ಮಾಣಿ ಪೇಟೆಯವರೆಗೆ ಹೋದೆ. ಅಲ್ಲಿ ಚಾ ಕುಡಿಯುವಾಗ ನನ್ನ ಕುರ್ಚಿಯ ಜಾಗದಲ್ಲಿ ನಿಂತ ಆ ಮೂರು ಕಾಲು ನೆನಪಾಯಿತು. ಬೈಕು ತಿರುಗಿಸಿ ಬಂದು ಅಂಗಡಿಯಲ್ಲಿ ಕೂತೆ. ನಾಲ್ಕೂವರೆಗೆ ನಿವೃತ್ತ ಮಾಸ್ಟ್ರೊಬ್ಬರು ಮಗಳ ಮದುವೆ ಕಾಗದದ ಪ್ರೂಫ್ ನೋಡಲು ಬಂದರು. ‘ಆಶೀರ್ವದಿಸಬೇಕಾಗಿ’ ಎಂಬುದರಲ್ಲಿ ಅರ್ಕಾವೊತ್ತು ಬಿಟ್ಟುಹೋಗಿದೆ ಎಂದು ಒಂದು ಗಂಟೆ ಪಾಠ ಮಾಡಿದರು. ತಿದ್ದಿ ಸೇವ್ ಮಾಡಿದ ಸಮಯ ಕಂಪ್ಯೂಟರಿನಲ್ಲಿ ಈಗಲೂ ಇದೆ. ನಾನು ಬಿ.ಸಿ. ರೋಡಿನಲ್ಲಿದ್ದೆ. ಇದರಲ್ಲಿ ಸಂಶಯವೇ ಇಲ್ಲ.

ಸೋಮವಾರ ಬೆಳಿಗ್ಗೆ ನೌಶಾದ್ ಬಂದ. ಬಂದವನೇ ನನ್ನ ಭುಜ ಹಿಡಿದು ಅಲುಗಿಸಿದ.

“ನಿನ್ನೆ ನೀನು ಬಂದದ್ದು ಭಾರೀ ಒಳ್ಳೆದಾಯ್ತು ಮಾರಾಯ. ಅಷ್ಟು ಜನರ ಎದುರು ಹಾಗೆ ಹೇಳ್ಲಿಕ್ಕೆ ಗುಂಡಿಗೆ ಬೇಕು.”

ಕುಟುಕುತ್ತಿದ್ದಾನೆ ಎಂದುಕೊಂಡೆ. ಆದರೆ ಅವನ ಮುಖದಲ್ಲಿ ಕುಟುಕು ಇರಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಕೆದಕಿ ತಿಳಿದುಕೊಂಡೆ. ಮೊದಲರ್ಧ ಮುಗಿಯುವಾಗ ನಾನು ಗೋದಾಮಿನ ಒಳಗೆ ಬಂದೆನಂತೆ. ನೇರ ಅಜಿತನ ಎದುರು ಹೋಗಿ, “ನನಗೆ ಹೊಟ್ಟೆಕಿಚ್ಚು ಮಾರಾಯ, ಬೇರೆ ಎಂತದ್ದೂ ಅಲ್ಲ” ಎಂದೆನಂತೆ. ಡಾಕ್ಟರಿಗೂ ಕೈ ಮುಗಿದೆನಂತೆ. ಅಜಿತ್ ನನ್ನನ್ನು ಅಪ್ಪಿಕೊಂಡು ಅತ್ತುಬಿಟ್ಟನಂತೆ. ಎಲ್ಲರೂ ಹೋದ ಮೇಲೆ ಅವನು ಯಾರೂ ಕೇಳದ ಒಂದು ಹೊಚ್ಚ ಹೊಸ ಹಾಡನ್ನು, ಆ ರಬ್ಬರ್ ಶೀಟುಗಳ ನಡುವೆ, ನನಗೊಬ್ಬನಿಗೇ ಹಾಡಿದನಂತೆ.

ನಾನಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಜಿತನ ಫೋನು ಬಂತು. ಮೂರು ವಾರದ ನಂತರ ಅವನ ದನಿ, ಮೊದಲಿನ ಹಾಗೆಯೇ. “ಎಂತ ಮಾರಾಯ, ಹಾಡು ಹೇಗಾಯ್ತು, ಸರಿ ಹೇಳಲೇ ಇಲ್ಲ ನೀನು” ಎಂದ. ನಾನು “ಒಳ್ಳೆದುಂಟು” ಎಂದೆ. ಸ್ನೇಹಿತ ಮರಳಿ ಬಂದಿದ್ದ. ‘ಬಂದದ್ದು ನಾನಲ್ಲ’ ಎಂದರೆ ಕ್ಷಮೆ ಕೇಳಿದ್ದೂ ನಾನಲ್ಲ ಎಂದಾಗುತ್ತದೆ. ಆ ಧೈರ್ಯ ನನಗಿರಲಿಲ್ಲ, ಈಗಲೂ ಇಲ್ಲ.

ಇಬ್ಬರೂ ಸೇರಿ ನಾಟಕವಾಡಿದರೇ? ಅಜಿತನಿಗೆ ನಾಟಕ ಬರುವುದಿಲ್ಲ. ನನ್ನ ಹಾಗೇ ಕಾಣುವ ಬೇರೆ ಯಾರೋ? ಹತ್ತು ವರ್ಷದ ಸ್ನೇಹಿತರು ಹಗಲಿನಲ್ಲಿ ಅಪ್ಪಿಕೊಂಡು ಮೋಸಹೋಗುತ್ತಾರೆಯೇ? ಡಾಕ್ಟರಿಗೆ ಫೋನು ಮಾಡಿ, “ಆ ದಿನ ನಾನು ಹಾಕಿದ್ದ ಅಂಗಿ ಯಾವುದು ಡಾಕ್ಟ್ರೇ, ಒಂದು ಗುಂಡಿ ಬಿದ್ದುಹೋಗಿದೆ, ಅದಕ್ಕೆ ಕೇಳಿದೆ” ಎಂದು ಸುಳ್ಳು ಹೇಳಿದೆ. “ನೀಲಿ ಗೆರೆಯದ್ದಲ್ವಾ ನೀವು ಹಾಕಿದ್ದು” ಎಂದರು. ಅವರ ಕ್ಯಾಮರಾ ಹಾಡುವವರ ಕಡೆಗೇ ಇತ್ತು, ಕೇಳುವವರು ಕಾಣುವುದಿಲ್ಲ. ಆದರೆ ದ್ವಿತೀಯಾರ್ಧದಲ್ಲಿ ಮುಗಿದಂತೆ ತೋರಿ ಮತ್ತೆ ಮುಂದುವರಿಯುವ ಒಂದು ಹಾಡಿದೆ. ಅಲ್ಲಿ ನಾನು ಪ್ರತಿ ಸಲವೂ ಮೋಸಹೋಗಿ ಒಬ್ಬನೇ ಚಪ್ಪಾಳೆ ತಟ್ಟಿ ಎಲ್ಲರ ನಗೆಗೆ ಗುರಿಯಾಗುತ್ತೇನೆ. ಕೊಕ್ಕಡದ ವಿಡಿಯೋದಲ್ಲಿಯೂ ಸರಿಯಾಗಿ ಅದೇ ಜಾಗದಲ್ಲಿ ಒಬ್ಬನ ಚಪ್ಪಾಳೆ ಕೇಳುತ್ತದೆ. ಜನ ನಗುತ್ತಾರೆ. ಅಜಿತನೂ ನಗುತ್ತಾನೆ.

ಹೊಸ ಹೊದಿಕೆ ಹಾಕುವ ನೆಪ ಹೇಳಿ ಬಾಗಿಲ ಬಳಿ ಇಡುವ ಆ ಪುಸ್ತಕ ತರಿಸಿಕೊಂಡೆ. ಕೊಕ್ಕಡದ ಪುಟದ ಕೊನೆಯಲ್ಲಿ ಇತ್ತು. ‘ಬತ್ತೆ’. ಕೆಳಗೆ ಎರಡು ಗೆರೆ. ನನ್ನದೇ ಅಕ್ಷರ. ಹಿಂದಿನ ಎಲ್ಲ ಪುಟಗಳಲ್ಲೂ ಚುಕ್ಕಿ ಇದೆ. ಇಲ್ಲಿ ಮಾತ್ರ ಇಲ್ಲ.

ನೀವು ನಂಬಿ, ಬಿಡಿ. ಹೆದರಿಕೆ ನನಗೆ ಆಮೇಲೆ ಬಂತು, ಮೊದಲು ಬಂದದ್ದು ಹೊಟ್ಟೆಕಿಚ್ಚು. ಡಾಕ್ಟರ ಮೇಲಿನದು ಅಂದೇ ಹೋಯಿತು, ಈಗ ನಾವು ಚೆನ್ನಾಗಿದ್ದೇವೆ. ಹೊಟ್ಟೆಕಿಚ್ಚು ಕೊಕ್ಕಡಕ್ಕೆ ಬಂದ ಅವನ ಮೇಲೆ. ನನ್ನ ಬಾಯಿಂದ ಹೊರಡದ ಮಾತನ್ನು ಅವನು ಅಷ್ಟು ಜನರ ಎದುರು ಹೇಳಿದ. ನನಗೆ ಸಲ್ಲಬೇಕಾದ ಹಾಡನ್ನು ಮೊದಲು ಕೇಳಿದ. ಅವನು ಸಂಪಾದಿಸಿದ ಸ್ನೇಹದಲ್ಲಿ ನಾನು ಕೂತು ಚಾ ಕುಡಿಯುತ್ತಿದ್ದೇನೆ.

ಒಂದು ತಿಂಗಳ ನಂತರ ಅಜಿತ್ ಆ ಹಾಡಿನ ಸಾಹಿತ್ಯವನ್ನು ಟೈಪ್ ಮಾಡಲು ಕೊಟ್ಟ. ಪ್ರತಿ ಚರಣದ ಕೊನೆಗೂ ‘ಉಲಾಯಿ ಬತ್ತೆ’ ಎಂದು ಬರುತ್ತದೆ. ಉಲಾಯಿ ಎಂದರೆ ಒಳಗೆ. ಚುಕ್ಕಿ ಇಲ್ಲ, ಆದರೆ ಕೈಯಲ್ಲಿ ಬರೆಯುವಾಗ ಅಜಿತ್ ಚುಕ್ಕಿ ಮರೆಯುವುದೂ ಉಂಟು; ನಾನು ಒಳಗೆ ಬಂದೆನೋ, ಅವನು ಒಳಗೆ ಬಂದನೋ, ಬರೆದದ್ದರಿಂದ ತಿಳಿಯುವುದಿಲ್ಲ. ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಕೇಳದೆ ವಿಧಿಯಿರಲಿಲ್ಲ.

“ಇಲ್ಲಿ ಚುಕ್ಕಿ ಇಡ್ಬೇಕಾ?”

ಅಜಿತ್ ನನ್ನ ಮುಖ ನೋಡಿ ನಕ್ಕುಬಿಟ್ಟ. “ಮರ್ತುಬಿಟ್ಟೆಯಾ? ನಾನು ಚುಕ್ಕಿ ಇಟ್ಟೇ ಹಾಡಿದ್ದು. ಕೊಕ್ಕಡದಲ್ಲಿ ನೀನೇ ಅಲ್ವಾ ಹೇಳಿದ್ದು, ಚುಕ್ಕಿ ತೆಗಿ, ಬಂದದ್ದು ನಾನಲ್ಲ ಅಂತ.”