ಹಗುರವಾದ ಕರಡಿಗೆ

ನಮ್ಮ ಸೋದರತ್ತೆ ಎದೆ ತುರಿಸಿಕೊಳ್ಳುತ್ತ ಖಾನಾಪುರದ ಬೇಸಿಗೆಯನ್ನು ಬೈಯುತ್ತಿದ್ದರು. ಪಾಪ, ಬೇಸಿಗೆಯದು ಏನೂ ತಪ್ಪಿರಲಿಲ್ಲ. ತಪ್ಪು ನನ್ನ ಮಗಳದು.

ಮಗಳು ಅಕ್ಷತಾ ಬೆಳಗಾವಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ರೆಸಿನ್ ಪ್ರಿಂಟರ್ ಇಟ್ಟಿದ್ದಾಳೆ. ಅಂಟಿನಂಥ ದ್ರವವನ್ನು ಬೆಳಕು ಹಾಯಿಸಿ ಗಟ್ಟಿ ಮಾಡಿ ಓಲೆ, ಉಂಗುರ ತೆಗೆಯುವ ಮಷಿನ್ ಅದು. (ವಾಸನೆಗೆ ಬೆಕ್ಕೂ ಅತ್ತ ಸುಳಿಯುವುದಿಲ್ಲ.) ಕಳೆದ ತಿಂಗಳು ಅತ್ತೆ, ಇಷ್ಟಲಿಂಗ ಇಟ್ಟು ಕಟ್ಟಿಕೊಳ್ಳುವ ಬೆಳ್ಳಿ ಕರಡಿಗೆ ಕುತ್ತಿಗೆಗೆ ಭಾರವಾಗುತ್ತಿದೆ ಎಂದರು. ಇವಳು ಸುಮ್ಮನಿರುತ್ತಾಳೆಯೇ? ಹಗುರವಾದ ಕರಡಿಗೆಯೊಂದನ್ನು ಪ್ರಿಂಟ್ ಮಾಡಿ, ತೊಳೆದು, ಪೂರ್ತಿ ಗಟ್ಟಿಯಾಗಲೆಂದು ಯುವಿ ದೀಪದಡಿ ಇಟ್ಟು ಕೊಟ್ಟಳು. ಅತ್ತೆ ಓಣಿಗೆಲ್ಲ ತೋರಿಸಿ ಬಂದರು.

ಮೊನ್ನೆ ಭಾನುವಾರ ನಾನೂ ಅಕ್ಷತಾಳೂ ಖಾನಾಪುರಕ್ಕೆ ಹೋದಾಗ ಕಂಡದ್ದು ಈ ತುರಿಕೆ. ಒಳಗೆ ಕರೆದೊಯ್ದು ಸೆರಗು ಸರಿಸಿ ನೋಡಿದೆ. ಕರಡಿಗೆ ತಾಗುವ ಜಾಗದಲ್ಲಿ ಸರಿಯಾಗಿ ಅದೇ ಅಳತೆಯ ಕೆಂಪು ಕಲೆ, ಮೇಲೆ ಸಣ್ಣ ಗುಳ್ಳೆಗಳು.

“ಯಾವಾಗಿಂದ ಐತ್ರಿ ಅತ್ತಿ ಇದು?”

“ಇದನ್ನ ಹಾಕ್ಕೊಂಡ ಎರಡ ದಿನಕ್ಕ ಬಂತವಾ.”

“ಮತ್ತ ತಗದ ಇಡಬಾರದೇನ್ರಿ?”

“ಹುಡುಗಿ ಅಷ್ಟ ಜೀವಾ ಹಚ್ಚಿ ಮಾಡ್ಯಾಳ. ತಗದ್ರ ಆಕಿ ಮನಸ್ಸಿಗೆ ಏನ ಅನಸ್ತದ?”

ಬಾಗಿಲಲ್ಲಿ ನಿಂತಿದ್ದ ಅಕ್ಷತಾಳ ಮುಖ ಸಪ್ಪಗಾಯಿತು. “ಅಜ್ಜಿ, ನನಗ ಒಂದ ಮಾತ ಹೇಳಬಾರದಾಗಿತ್ತೇನ್ರಿ?” ಎಂದಳು. ಅತ್ತೆ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಖಾಲಿ ಕರಡಿಗೆಯನ್ನು ಅವಳ ಕೈಗಿತ್ತರು.

ಹೊರಗೆಲ್ಲ ಗಟ್ಟಿ. ಒಳಮೂಲೆಗಳಲ್ಲಿ ಇನ್ನೂ ಅಂಟಂಟು. ದೀಪದ ಬೆಳಕು ಡಬ್ಬಿಯೊಳಗೆ ಹೋಗಿರಲೇ ಇಲ್ಲ! ಬೆವರಿಗೆ ಅದೇ ಜಿನುಗಿ ಮೈಗೆ ಹತ್ತಿದೆ. ಓಲೆಯಾದರೆ ಕಿವಿಗೆ ಹೋಗುವುದು ಲೋಹದ ಕೊಕ್ಕೆ, ಮನೆಗೆ ಬಂದಮೇಲೆ ತೆಗೆದೂ ಇಡುತ್ತಾರೆ. ಲಿಂಗವನ್ನು ಮೈಯಿಂದ ಯಾರು ಇಳಿಸುತ್ತಾರೆ?

ಡಾಕ್ಟರ್ ಮುಲಾಮು ಕೊಟ್ಟರು. ಅದೇ ಡಿಸೈನನ್ನು ಅಕ್ಕಸಾಲಿಗರ ಹತ್ತಿರ ತೆಳು ಬೆಳ್ಳಿಯಲ್ಲಿ ಎರಕ ಹೊಯ್ಸುವುದೆಂದಾಯಿತು. ಅಕ್ಷತಾ ಕೊಡುವ ರೆಸಿನ್ ಮಾದರಿಯ ಸುತ್ತ ಅಚ್ಚು ಕಟ್ಟಿ ಕಾಯಿಸಿದರೆ ಮಾದರಿ ಒಳಗೇ ಸುಟ್ಟುಹೋಗುತ್ತದಂತೆ, ಮೈಗೆ ತಾಗುವುದು ಬೆಳ್ಳಿ ಮಾತ್ರ.

ನನಗೆ ಸಿಟ್ಟು ಬಂದದ್ದು ರೆಸಿನ್ ಮೇಲಲ್ಲ, ನಮ್ಮ ಸಂಕೋಚದ ಮೇಲೆ. ಅಂಗಡಿಯಲ್ಲಿ ಕೊಂಡ ಚಪ್ಪಲಿ ಕಚ್ಚಿದರೆ ಜಗಳಕ್ಕೆ ಹೋಗುತ್ತೇವೆ. ಮನೆಮಂದಿ ಕೊಟ್ಟದ್ದು ಕಚ್ಚಿದರೆ?

ವಾಪಸ್ ಬರುವಾಗ ಅಕ್ಷತಾ ಬಸ್ಸಿನಲ್ಲೇ, ತಾನು ಉಂಗುರ ಮಾಡಿಕೊಟ್ಟ ಗೆಳತಿಯರಿಗೆಲ್ಲ ಫೋನ್ ಮಾಡಿದಳು. ಒಬ್ಬೊಬ್ಬರೂ ಛಲೋ ಐತಿ, ಏನೂ ಆಗಿಲ್ಲ ಅಂದರು. ಅವಳು ನಂಬಲಿಲ್ಲ. “ಉಂಗುರ ತಗದ, ಬೆರಳಿಂದೊಂದು ಫೋಟೋ ಕಳಸ ನೋಡೂಣು” ಎಂದು ಪ್ರತಿಯೊಬ್ಬರಿಗೂ ಹೇಳಿದಳು.

ಬೆಳಗಾವಿ ಬಸ್ ಸ್ಟ್ಯಾಂಡ್ ಬಂತು. ಒಂದು ಫೋಟೋವೂ ಬಂದಿರಲಿಲ್ಲ.